ರಣಭೂಮಿಯಲ್ಲಿ ಯಾರಿಗಾಗಿ ಪ್ರಾರ್ಥಿಸೋಣ?

ರಜೆ ಬಂತೆಂದರೆ ನಮ್ಮ ಅನೇಕ ಕುಟುಂಬಗಳು ಮೈಸೂರಿಗೆ ಹೊರಡುತ್ತವೆ. ಅರಮನೆ, ಮೃಗಾಲಯ, ಸಂತ ಫಿಲೋಮಿನಾ ದೇವಾಲಯಗಳ ಜೊತೆಗೆ ಶ್ರೀರಂಗಪಟ್ಟಣದ ಕೋಟೆಗೂ ಒಂದು ಗಂಟೆ ಮೀಸಲು. ಮಕ್ಕಳು ಕೋಟೆಗೋಡೆ ಹತ್ತುತ್ತಾರೆ, ಫೋಟೊ ತೆಗೆಯುತ್ತೇವೆ, ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿ ಉಂಡು ಮರಳುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಸಾವಿರಾರು ಜನ ಸತ್ತ ನೆಲ. ಅಲ್ಲಿ ನಿಂತಾಗ ಕ್ರೈಸ್ತ ವಿಶ್ವಾಸಿಯ ಮನಸ್ಸು ಹೇಗಿರಬೇಕು?

ಕರ್ನಾಟಕದ ಕಥೋಲಿಕರಾದ ನಮಗೆ ಇದು ಸುಲಭದ ಪ್ರಶ್ನೆಯಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕ ಕುಟುಂಬಗಳನ್ನು ಸೆರೆಹಿಡಿದು, ಘಟ್ಟ ಹತ್ತಿಸಿ, ಇದೇ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬರಲಾಯಿತು. ದಾರಿಯಲ್ಲೇ ಅನೇಕರು ಸತ್ತರು. ಉಳಿದವರು 15 ವರ್ಷ ಸೆರೆಯಲ್ಲಿ ಕಳೆದರು. ಆ ನೆನಪು ಇಂದಿಗೂ ನಮ್ಮ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಉಳಿದಿದೆ. ಹೀಗಿರುವಾಗ ಗುಂಬಜ್‌ನ ಮುಂದೆ ನಿಂತ ಮಗು, "ಅಪ್ಪಾ, ಇವನು ಒಳ್ಳೆಯವನೋ ಕೆಟ್ಟವನೋ?" ಎಂದು ಕೇಳಿದರೆ ಏನು ಹೇಳುವುದು?

ಮೊದಲನೆಯದಾಗಿ, ಸತ್ಯವನ್ನು ಹೇಳಬೇಕು. ಅದನ್ನು ಪೂರ್ತಿಯಾಗಿ ಹೇಳಬೇಕು. ನಮ್ಮ ಪೂರ್ವಿಕರ ಕಣ್ಣೀರನ್ನು ಮುಚ್ಚಿಡುವುದು ಕ್ಷಮೆಯಲ್ಲ. ಹಾಗೆಯೇ, 1799ರ ಮೇ 4ರಂದು ಟಿಪ್ಪು ಯುದ್ಧರಂಗದಿಂದ ಓಡಿಹೋಗದೆ ಕಾದಾಡುತ್ತಲೇ ಮಡಿದನೆಂಬುದೂ, ಹೆಣಗಳ ರಾಶಿಯ ನಡುವೆ ಅವನ ದೇಹ ಸಿಕ್ಕಿತೆಂಬುದೂ ಸತ್ಯವೇ. ಅಂದು ರಾತ್ರಿ ಗೆದ್ದ ಇಂಗ್ಲಿಷ್ ಪಡೆಯವರು ಊರನ್ನೇ ಸುಲಿಗೆ ಮಾಡಿದರು. ಅದೂ ಸತ್ಯ. ಮರುದಿನ ಅದೇ ಪಡೆ ಟಿಪ್ಪುವಿಗೆ ಸೈನಿಕ ಮರ್ಯಾದೆಯೊಂದಿಗೆ ಅಂತ್ಯಸಂಸ್ಕಾರ ಮಾಡಿಸಿತು. ಕಾವೇರಿಯ ದಡದ ಇಂಗ್ಲಿಷರ ಸ್ಮಶಾನಕ್ಕೆ ಹೋದರೆ ಅಧಿಕಾರಿಗಳ ಗೋರಿಗಳ ಪಕ್ಕದಲ್ಲೇ ಅವರ ಹೆಂಡತಿ ಮಕ್ಕಳ ಗೋರಿಗಳನ್ನೂ ಕಾಣುತ್ತೇವೆ. ಸಾವು ಯಾರ ಪಕ್ಷವನ್ನೂ ವಹಿಸಲಿಲ್ಲ.

ಎರಡನೆಯದಾಗಿ, ಆ ಸೆರೆವಾಸದಲ್ಲಿ ನಡೆದ ಅನ್ಯಾಯದ ಬೇರು ಯಾವುದೆಂದು ಯೋಚಿಸಬೇಕು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಕ್ರೈಸ್ತರ ಮೇಲಿತ್ತು. ಕೆಲವರು ನೆರವಾಗಿದ್ದಿರಲಿ ಬಿಡಲಿ, ಅದಕ್ಕಾಗಿ ಮುದುಕರನ್ನೂ ಬಾಣಂತಿಯರನ್ನೂ ಹಾಲುಗೂಸುಗಳನ್ನೂ ದಂಡಿಸಲಾಯಿತು. ಒಬ್ಬನ ತಪ್ಪಿಗೆ ಇಡೀ ಸಮುದಾಯವನ್ನು ಹೊಣೆಮಾಡುವುದೇ ಆ ಪಾಪ. ಈಗ ನಾವು 1784ರ ಕಥೆಯನ್ನು ಮುಂದಿಟ್ಟುಕೊಂಡು, ಇಂದು ನಮ್ಮ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡಿರುವ ಮುಸ್ಲಿಂ ಸಹೋದರನನ್ನು ವಕ್ರದೃಷ್ಟಿಯಿಂದ ನೋಡಿದರೆ, ನಮ್ಮ ಹಿರಿಯರಿಗೆ ಆದ ಅನ್ಯಾಯವನ್ನೇ ನಾವೂ ಮಾಡಿದಂತಾಗುತ್ತದೆ. ಇದು ಹಿರಿಯರಿಗೆ ತೋರುವ ಗೌರವವಲ್ಲ.

"ಹಾಗಾದರೆ ಶತ್ರುವಿಗಾಗಿಯೂ ಪ್ರಾರ್ಥಿಸಬೇಕೇ? ಅದು ಸತ್ತವರಿಗೆ ಮಾಡಿದ ದ್ರೋಹವಾಗದೇ?" ಎಂದು ಕೆಲವರು ಕೇಳಬಹುದು. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು ಓದಿರಿ. ಯುದ್ಧದಲ್ಲಿ ಮಡಿದ ತನ್ನ ಸೈನಿಕರನ್ನು ಹೂಳಲು ಯೂದನು ಹೋದಾಗ, ಅವರ ಅಂಗಿಯೊಳಗೆ ಧರ್ಮಶಾಸ್ತ್ರ ನಿಷೇಧಿಸಿದ್ದ ತಾಯಿತಗಳು ಸಿಗುತ್ತವೆ. ಅವರು ಪಾಪಿಗಳೆಂದು ಅವನು ಕೈಬಿಡುವುದಿಲ್ಲ. 2000 ಬೆಳ್ಳಿ ನಾಣ್ಯಗಳನ್ನು ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸುತ್ತಾನೆ. ಮೃತರಿಗಾಗಿ ನಾವು ಸಲ್ಲಿಸುವ ಪೂಜೆಗೆ ಧರ್ಮಸಭೆ ಆಧಾರವಾಗಿ ತೋರಿಸುವ ಈ ಘಟನೆ ನಡೆದದ್ದು ರಣಭೂಮಿಯಲ್ಲೇ! ಆದರೆ ಯೂದನು ಪ್ರಾರ್ಥಿಸಿದ್ದು ತನ್ನವರಿಗಾಗಿ. ಯೇಸುಸ್ವಾಮಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮನ್ನು ಶಿಲುಬೆಗೇರಿಸಿದ ಸೈನಿಕರಿಗಾಗಿಯೇ ಪಿತನಲ್ಲಿ ಬೇಡಿದರು.

ಪೋಪ್ ಫ್ರಾನ್ಸಿಸ್ ಇದನ್ನು ಮಾಡಿ ತೋರಿಸಿದರು. 2014ರ ಸೆಪ್ಟೆಂಬರ್ 13ರಂದು ಅವರು ಇಟಲಿಯ ರೆದಿಪುಲಿಯಾ ಯುದ್ಧಸ್ಮಾರಕಕ್ಕೆ ಹೋದರು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಇಟಲಿಯ ಒಂದು ಲಕ್ಷ ಸೈನಿಕರ ಅವಶೇಷಗಳು ಅಲ್ಲಿವೆ. ಆದರೆ ಪೋಪ್ ಮೊದಲು ಹೋಗಿ ಪ್ರಾರ್ಥಿಸಿದ್ದು ಹತ್ತಿರದಲ್ಲೇ ಇರುವ ಆಸ್ಟ್ರಿಯಾ-ಹಂಗೇರಿ ಸೈನಿಕರ ಸ್ಮಶಾನದಲ್ಲಿ. ಅಂದರೆ ಅಂದಿನ ಶತ್ರುಗಳ ಗೋರಿಗಳ ನಡುವೆ.

ಶ್ರೀರಂಗಪಟ್ಟಣಕ್ಕೂ ಅಂಥ ಒಬ್ಬ ಗುರು ಬಂದಿದ್ದರು. ಕೋಟೆ ಬಿದ್ದ ಮೇಲೆ ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ ಇಲ್ಲಿಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು. ಅಷ್ಟಕ್ಕೇ ನಿಲ್ಲದೆ, ಸೀಮೆಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೂ ಕೈಹಾಕಿದರು. ಯುದ್ಧದಿಂದ ಜರ್ಜರಿತವಾದ ನಾಡಿಗೆ ಕ್ರೈಸ್ತನು ಕೊಡಬಹುದಾದ ಉತ್ತರ ಇದೇ.

ಮುಂದಿನ ಸಲ ಕೋಟೆಗೆ ಹೋದಾಗ ಗಂಜಾಂನ ನಮ್ಮ ದೇವಾಲಯಕ್ಕೂ ಹೋಗಿಬನ್ನಿ. ಮಕ್ಕಳಿಗೆ ಸೆರೆವಾಸದ ಕಥೆಯನ್ನು ಹೇಳಿ, ದ್ಯುಬುವಾ ಸ್ವಾಮಿಗಳ ಕಥೆಯನ್ನೂ ಹೇಳಿ. ಕೋಟೆಗೋಡೆಯ ಬಳಿ ಎರಡು ನಿಮಿಷ ಮೌನವಾಗಿ ನಿಂತು, ಸೆರೆಯಲ್ಲಿ ಸತ್ತವರಿಗಾಗಿ, ಕೋಟೆಯನ್ನು ಕಾಯ್ದವರಿಗಾಗಿ, ಅದನ್ನು ಒಡೆದವರಿಗಾಗಿ ಒಂದು ಪರಲೋಕ ಮಂತ್ರವನ್ನೂ ಒಂದು ನಮೋ ಮರಿಯವನ್ನೂ ಒಟ್ಟಾಗಿ ಹೇಳಿ. ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬ ಕೊನೆಯ ತೀರ್ಪನ್ನು ಕೊಡುವವರು ದೇವರು. ಪ್ರಾರ್ಥಿಸುವ ಕೆಲಸವನ್ನು ಅವರು ನಮಗೆ ಒಪ್ಪಿಸಿದ್ದಾರೆ.