ರೆಕ್ಕೆಯ ಬಿರುಕು ಮತ್ತು ಕಡ್ಡಾಯ ತಪಾಸಣೆ

ವಿಮಾನ ಹತ್ತಿದ ನಾವು ಬೆಲ್ಟ್ ಬಿಗಿದುಕೊಂಡು ಕಿಟಕಿಯಾಚೆ ರೆಕ್ಕೆಯನ್ನು ನೋಡುತ್ತೇವೆ. ಅದರೊಳಗೆ ಏನಾಗಿದೆಯೆಂದು ಯಾರನ್ನೂ ಕೇಳುವುದಿಲ್ಲ. ಕೇಳಿದರೂ ಉತ್ತರ ನಮ್ಮಲ್ಲಿ ಹೆಚ್ಚಿನವರಿಗೆ ಅರ್ಥವಾಗದು. ಪರೀಕ್ಷಿಸಲಾರದವನು ಪರೀಕ್ಷಿಸಬಲ್ಲವನ ಮೇಲಿಡುವ ಇಂಥ ನಂಬಿಕೆ ಎಷ್ಟು ದೊಡ್ಡ ಹೊಣೆಯನ್ನು ಹೊರಿಸುತ್ತದೆ? ಅದನ್ನು ನಿಭಾಯಿಸಲು ಸಜ್ಜನಿಕೆ ಸಾಕೇ, ಕಾನೂನಿನ ಬಲವಂತವೂ ಬೇಕೇ?

2010ರ ನವೆಂಬರ್ 4ರಂದು ಸಿಂಗಾಪುರದಿಂದ ಹೊರಟ ಕ್ವಾಂಟಾಸ್ ಸಂಸ್ಥೆಯ ಏರ್‌ಬಸ್ ಎ380 ವಿಮಾನದ ಒಂದು ಇಂಜಿನ್ ಆಕಾಶದಲ್ಲೇ ಸಿಡಿಯಿತು. ವಿಮಾನದಲ್ಲಿದ್ದ 469 ಮಂದಿಯೂ ಬದುಕಿದರು. ಚೂರುಗಳು ತೂರಿ ಹಾಳಾಗಿದ್ದ ರೆಕ್ಕೆಯನ್ನು ರಿಪೇರಿ ಮಾಡುವಾಗ ತಂತ್ರಜ್ಞರಿಗೆ ಬೇರೆಯದೇ ಒಂದು ಸಂಗತಿ ಕಂಡಿತು. ರೆಕ್ಕೆಯೊಳಗಿನ ಪಕ್ಕೆಗಳನ್ನು ಹೊರಹೊದಿಕೆಗೆ ಜೋಡಿಸುವ ಲೋಹದ ತುಂಡುಗಳಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಆ ಅಪಘಾತಕ್ಕೂ ಇವಕ್ಕೂ ಸಂಬಂಧವಿರಲಿಲ್ಲ. ಬಳಸಿದ ಅಲ್ಯೂಮಿನಿಯಂ ಮಿಶ್ರಲೋಹ ಮತ್ತು ಜೋಡಣೆಯ ವೇಳೆ ಬಿದ್ದ ಒತ್ತಡವೇ ಕಾರಣವೆಂದು ಗೊತ್ತಾಯಿತು. ಅಂದರೆ ಅದು ಒಂದು ವಿಮಾನದ ಕಾಯಿಲೆಯಲ್ಲ, ಇಡೀ ಕುಟುಂಬದ್ದು.

ವಿಮಾನಕ್ಕೆ ಅಪಾಯವಿಲ್ಲವೆಂದು ಕಂಪನಿ ಹೇಳಿತು. ಅದನ್ನು ಸುಳ್ಳೆನ್ನಲು ನಮಗೆ ಆಧಾರವಿಲ್ಲ. ವಿಮಾನಗಳನ್ನು ರೂಪಿಸುವಾಗಲೇ ಎಲ್ಲೋ ಒಂದು ಬಿರುಕು ಇದ್ದೇ ಇರುತ್ತದೆಂದು ಭಾವಿಸಿ ಲೆಕ್ಕ ಹಾಕುತ್ತಾರೆ. ಕಣ್ಣಿಗೆ ಬೀಳುವಷ್ಟಾದ ಬಿರುಕು ಅಪಾಯದ ಅಳತೆ ಮುಟ್ಟಲು ಎಷ್ಟು ಹಾರಾಟಗಳು ಬೇಕು ಎಂಬುದನ್ನು ಅಂದಾಜಿಸಿ, ಒಂದು ಸಲ ತಪ್ಪಿಸಿಕೊಂಡದ್ದು ಮುಂದಿನ ಸಲ ಸಿಗುವಂತೆ ತಪಾಸಣೆಯ ಅವಧಿ ಇಡುತ್ತಾರೆ. ಲೋಹ ದಣಿಯುತ್ತದೆ, ನೋಡುವವನ ಕಣ್ಣೂ ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡ ಈ ವಿನಯ ನಮಗೆ ಬಹಳ ಹಿಡಿಸಿತು. ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಷರತ್ತಿನ ಮೇಲೆ: ನೋಡಬೇಕಾದ ದಿನ ನೋಡಲೇಬೇಕು. ನೋಡದೆ 'ಅಪಾಯವಿಲ್ಲ' ಎನ್ನುವವನ ಮಾತು ನಿಜವೇ ಆದರೂ ಅದು ಅದೃಷ್ಟದ ಮಾತು.

2012ರ ಜನವರಿಯಲ್ಲಿ ಯುರೋಪಿನ ವಿಮಾನ ಸುರಕ್ಷಾ ಸಂಸ್ಥೆ ಹೆಚ್ಚು ಹಾರಿದ 20 ವಿಮಾನಗಳ ತಪಾಸಣೆಯನ್ನು ಕಡ್ಡಾಯ ಮಾಡಿತು. ಫೆಬ್ರವರಿಯಲ್ಲಿ ಅದನ್ನು ಆಗ ಹಾರುತ್ತಿದ್ದ ಎಲ್ಲ 68 ವಿಮಾನಗಳಿಗೂ ವಿಸ್ತರಿಸಿತು. ಒಳ್ಳೆಯ ಕಂಪನಿಗೆ ಇಂಥ ಆಜ್ಞೆ ಅವಮಾನವಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮಗೆ ಹಾಗನಿಸದು. ತಪಾಸಣೆಗೆ ನಿಂತ ವಿಮಾನ ದುಡಿಯುವುದಿಲ್ಲ. ತಪಾಸಣೆ ಅವರವರ ಇಚ್ಛೆಗೆ ಬಿಟ್ಟ ವಿಷಯವಾದರೆ, ಪ್ರಾಮಾಣಿಕನ ವಿಮಾನ ನೆಲದ ಮೇಲಿರುತ್ತದೆ, ಅವನ ಪ್ರಯಾಣಿಕರು ಮಾತ್ರ ಪಕ್ಕದವನ ವಿಮಾನದಲ್ಲಿರುತ್ತಾರೆ. ಕಡ್ಡಾಯವು ಮೊದಲು ರಕ್ಷಿಸುವುದು ಪ್ರಾಮಾಣಿಕನನ್ನೇ.

ಅದಿಲ್ಲದ ಕಡೆ ಏನಾಗುತ್ತದೆ? 2005ರ ಡಿಸೆಂಬರ್ 19ರಂದು ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ಬಿಮಿನಿಗೆ ಹೊರಟ, ಚಾಕ್ಸ್ ಎಂಬ ಚಿಕ್ಕ ಸಂಸ್ಥೆಯ ಜಲವಿಮಾನದ ಬಲರೆಕ್ಕೆ ಕಳಚಿ ಬಿತ್ತು. 20 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಮಾನ 1947ರಷ್ಟು ಹಳೆಯದು. ರೆಕ್ಕೆಯಿಂದ ಇಂಧನ ಮತ್ತೆ ಮತ್ತೆ ಸೋರುತ್ತಿತ್ತು. ಅದು ಒಳಗಿನ ಬಿರುಕಿನ ಸೂಚನೆಯಾಗಿತ್ತು. ರಿಪೇರಿಯೇನೋ ನಡೆದಿತ್ತು, ಬಿರುಕು ಮಾತ್ರ ಬೆಳೆಯುತ್ತಲೇ ಇತ್ತು. ತನಿಖೆ ಸಂಸ್ಥೆಯ ನಿರ್ವಹಣೆಯನ್ನಷ್ಟೇ ಅಲ್ಲ, ಅದನ್ನು ಗಮನಿಸದೆ ಹೋದ ಸರಕಾರಿ ಮೇಲ್ವಿಚಾರಣೆಯನ್ನೂ ದೂರಿತು. ವೃದ್ಧ ವಿಮಾನಗಳಿಗೆಂದೇ ಮಾಡಿದ ಹೆಚ್ಚುವರಿ ತಪಾಸಣೆಯ ನಿಯಮದಿಂದ ಅತಿ ಹಳೆಯ ಮಾದರಿಗಳಿಗೆ ವಿನಾಯಿತಿ ಇತ್ತು! ಯಾರಿಗೆ ವೈದ್ಯರು ಹೆಚ್ಚು ಬೇಕೋ ಅವರನ್ನೇ ಆಸ್ಪತ್ರೆಯ ಬಾಗಿಲಿಂದ ಹಿಂದೆ ಕಳಿಸಿದಂತೆ.

ಎ380 ತಯಾರಿಕೆ 2021ರಲ್ಲಿ ಮುಗಿಯಿತು. ಅದಕ್ಕೂ ಮೊದಲೇ, 2019ರಲ್ಲಿ, ಹಳೆಯ ಎ380ಗಳ ರೆಕ್ಕೆಯ ಇನ್ನೊಂದು ಭಾಗದಲ್ಲಿ ಬಿರುಕು ಕಂಡು ಮತ್ತೊಂದು ಆಜ್ಞೆ ಹೊರಟಿತ್ತು. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ಸಂಸ್ಥೆ ಇದೇ ಮಾದರಿಯನ್ನು ದುಬೈ-ಬೆಂಗಳೂರು ನಡುವೆ ಹಾರಿಸತೊಡಗಿತು. ದುಡಿಯಲು ಹೋದ ಮಕ್ಕಳನ್ನು ಬರಮಾಡಿಕೊಳ್ಳಲು ನಿಲ್ದಾಣದಲ್ಲಿ ಕಾದು ನಿಂತ ತಾಯಂದಿರಿಗೆ ಈ ಆಜ್ಞೆಗಳ ಸುದ್ದಿ ಗೊತ್ತಿರಲಿಕ್ಕಿಲ್ಲ. ಅವರಿಗೆ ಗೊತ್ತಿರಬೇಕಾದ ಅಗತ್ಯವೂ ಇಲ್ಲ.