ಮಣಿಕಟ್ಟಿನ ಪರಿಗ್ರಹ

ಮನುಷ್ಯನು ವಸ್ತುವನ್ನು ಕಾಯುತ್ತಾನೆಯೋ, ವಸ್ತುವೇ ಮನುಷ್ಯನನ್ನು ತನ್ನ ಕಾವಲಿಗೆ ಇಟ್ಟುಕೊಂಡಿದೆಯೋ ಎಂಬುದು ಬಹು ಹಳೆಯ ಪ್ರಶ್ನೆ. ಪೂರ್ವಾಚಾರ್ಯರು ಇದನ್ನು ಹೊಲ, ಮನೆ, ಹೊನ್ನು, ಧಾನ್ಯಗಳ ದೃಷ್ಟಾಂತದಿಂದ ವಿಚಾರಿಸಿದರು. ಇಂದು ಅದೇ ಪ್ರಶ್ನೆ ಎರಡು ಅಂಗುಲ ಅಗಲವೂ ಇಲ್ಲದ ಒಂದು ಚಿಕ್ಕ ವಸ್ತುವಿನಲ್ಲಿ ಬಂದು ನಿಂತಿದೆ. ಯುರೋಪಿನ ನಗರಗಳಿಗೆ ಪ್ರವಾಸ ಹೊರಡುವ ಅನುಕೂಲಸ್ಥ ಗೃಹಸ್ಥರು, “ಬೆಲೆಬಾಳುವ ಕೈಗಡಿಯಾರವನ್ನು ಅಲ್ಲಿ ಕಟ್ಟಿಕೊಂಡು ಕ್ಷೇಮವಾಗಿ ತಿರುಗಾಡುವುದು ಹೇಗೆ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಪೊಲೀಸರ ಬಳಿ ಒಂದು ಉತ್ತರವಿದೆ. ವ್ರತಶಾಸ್ತ್ರದ ಬಳಿ ಮತ್ತೊಂದು ಇದೆ. ಎರಡನ್ನೂ ಒಟ್ಟಿಗೆ ನೋಡಿದರೆ ಪ್ರಶ್ನೆಯ ನಿಜಸ್ವರೂಪವೇ ಬೇರೆಯೆಂದು ತೋರುತ್ತದೆ.

ಮೊದಲು ವಸ್ತುಸ್ಥಿತಿ. ಇಂತಹ ಗಡಿಯಾರ ಗಾತ್ರದಲ್ಲಿ ಚಿಕ್ಕದು, ಬೆಲೆಯಲ್ಲಿ ಕಾರಿಗೆ ಸಮ. ಒಬ್ಬರು ಕಟ್ಟಿದ್ದನ್ನೇ ಮತ್ತೊಬ್ಬರು ಹೆಚ್ಚು ನಷ್ಟವಿಲ್ಲದ ಬೆಲೆಗೆ ಕೊಳ್ಳುತ್ತಾರೆ. ಆದುದರಿಂದ ಲಂಡನ್, ಪ್ಯಾರಿಸ್, ಬಾರ್ಸಿಲೋನ, ಮಿಲಾನ್, ನೇಪಲ್ಸ್ ಮೊದಲಾದ ನಗರಗಳಲ್ಲಿ ಕಳ್ಳರ ದೃಷ್ಟಿ ಜೇಬಿನಿಂದ ಮಣಿಕಟ್ಟಿಗೆ ಏರಿದೆ. ಕೆಲವರು ಪರಿಚಿತರಂತೆ ನಗುತ್ತ ಬಂದು ಅಪ್ಪಿಕೊಳ್ಳುತ್ತಾರೆ. ಅಪ್ಪುಗೆ ಬಿಡುವಷ್ಟರಲ್ಲಿ ಗಡಿಯಾರದ ಕೊಂಡಿ ಬಿಚ್ಚಿರುತ್ತದೆ. ಇಟಲಿಯಲ್ಲಿ ಸ್ಕೂಟರಿನವನೊಬ್ಬ ನಿಂತ ಕಾರಿನ ಪಕ್ಕದ ಕನ್ನಡಿಯನ್ನು ಬೇಕೆಂದೇ ತಾಗಿಸಿ ಹೋಗುತ್ತಾನೆ. ಚಾಲಕನು ಅದನ್ನು ಸರಿಪಡಿಸಲು ಎಡಗೈಯನ್ನು ಹೊರಚಾಚಿದೊಡನೆ ಹಿಂದಿನಿಂದ ಬಂದ ಎರಡನೆಯವನು ಗಡಿಯಾರವನ್ನು ಸೆಳೆದುಕೊಳ್ಳುತ್ತಾನೆ. 2022–23ರಲ್ಲಿ ಲಂಡನ್ ಪೊಲೀಸರು ಸೋಹೊ ಪ್ರದೇಶದಲ್ಲಿ ತಾವೇ ದುಬಾರಿ ಗಡಿಯಾರ ಕಟ್ಟಿ, ಮಾರುವೇಷದಲ್ಲಿ ನಿಂತು, ಕಳ್ಳರನ್ನು ಹಿಡಿಯಬೇಕಾಯಿತು.

ಪ್ರಸಿದ್ಧರೂ ಇದಕ್ಕೆ ಹೊರತಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಇಟಲಿಯ ವಿಯಾರೆಜ್ಜೊ ಪಟ್ಟಣದಲ್ಲಿ ಕಾರುಪಂದ್ಯದ ಚಾಲಕ ಶಾರ್ಲ್ ಲೆಕ್ಲೆರ್ ಅವರೊಡನೆ ಚಿತ್ರ ತೆಗೆಸಿಕೊಳ್ಳುವ ನೆಪದಿಂದ ಸುತ್ತುವರಿದವರು ಅವರ ಗಡಿಯಾರವನ್ನು ಕದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಮಿಲಾನ್ ನಗರದಲ್ಲಿ ಅವರ ಸಹಚಾಲಕ ಕಾರ್ಲೋಸ್ ಸೈನ್ಸ್ ಅವರ ಗಡಿಯಾರವೂ ಹೋಯಿತು. ಅವರು ಬೀದಿಯಲ್ಲಿ ಬೆನ್ನಟ್ಟಿ, ದಾರಿಹೋಕರ ನೆರವಿನಿಂದ ಅದನ್ನು ಮರಳಿ ಪಡೆದರು. 2022ರ ಅದೇ ಏಪ್ರಿಲಿನಲ್ಲಿ ಪೂರ್ವ ಲಂಡನ್ನಿನ ಲೇಟನ್ ಎಂಬಲ್ಲಿ ಮುಷ್ಟಿಯುದ್ಧದ ಮಾಜಿ ವಿಶ್ವವಿಜೇತ ಆಮೀರ್ ಖಾನ್ ಪತ್ನಿಯೊಡನೆ ಉಪಾಹಾರಗೃಹದಿಂದ ಹೊರಬರುತ್ತಿದ್ದಾಗ ಒಬ್ಬನು ಪಿಸ್ತೂಲು ತೋರಿಸಿದನು. 2004ರ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಗೆದ್ದ ಆ ಕೈಗಳು ಹೊಡೆದಾಡಲಿಲ್ಲ. ಸುಮಾರು 70 ಸಾವಿರ ಪೌಂಡ್ ಬೆಲೆಯ ಗಡಿಯಾರವನ್ನು ಬಿಚ್ಚಿ ಕೊಟ್ಟವು. ದಂಪತಿಗಳಿಬ್ಬರೂ ಉಳಿದರು.

ಇಷ್ಟು ಭಯವನ್ನು ಹೊತ್ತು ತರುವ ಈ ವಸ್ತುವಿನ ಪ್ರಯೋಜನವೇನು? ಕಾಲ ತಿಳಿಯುವುದೇ ಎಂದರೆ ಉತ್ತರ ಸರಿಯಾಗದು. 1969ರಲ್ಲಿ ಜಪಾನಿನ ಸೀಕೊ ಸಂಸ್ಥೆ ಸ್ಫಟಿಕದ ಕಂಪನದಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆಗೂ ನಿಖರತೆಗೂ ಇದ್ದ ನಂಟು ಕಡಿದುಹೋಯಿತು. ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷೆಗೊಂಡು ಪ್ರಮಾಣಪತ್ರ ಪಡೆದ ಯಾಂತ್ರಿಕ ಗಡಿಯಾರ ದಿನಕ್ಕೆ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಹೋಗಬಹುದು; ಕೆಲವು ನೂರು ರೂಪಾಯಿಯ ಕ್ವಾರ್ಟ್ಜ್ ಗಡಿಯಾರದ ವ್ಯತ್ಯಾಸ ಸಾಮಾನ್ಯವಾಗಿ ತಿಂಗಳಿಗೆ 15–20 ಸೆಕೆಂಡ್ ಮಾತ್ರ. ಶ್ರಾವಕನಿಗೆ ಕಾಲಜ್ಞಾನ ಅವಶ್ಯವೇ ಹೌದು. ಸಾಮಾಯಿಕಕ್ಕೆ 48 ನಿಮಿಷಗಳ ಮುಹೂರ್ತ ತಿಳಿಯಬೇಕು. ಸೋಸಿದ ನೀರಿನ ಮರ್ಯಾದೆ ತಿಳಿಯಬೇಕು. ರಾತ್ರಿಭೋಜನ ತ್ಯಾಗಿಗೆ ಸೂರ್ಯಾಸ್ತ ತಿಳಿಯಬೇಕು. ಪರದೇಶದಲ್ಲಿ ಈ ಅವಶ್ಯಕತೆ ಇನ್ನೂ ಹೆಚ್ಚು. ಲಂಡನ್ನಿನಲ್ಲಿ ಜೂನ್ ಮಧ್ಯದಲ್ಲಿ ಸೂರ್ಯನು ಮುಳುಗುವುದು ಗಡಿಯಾರದ 9 ಗಂಟೆ 20 ನಿಮಿಷದ ಸುಮಾರಿಗೆ. ಡಿಸೆಂಬರ್ ಮಧ್ಯದಲ್ಲಾದರೆ ಸಂಜೆ 4 ಗಂಟೆಗೂ ಮೊದಲೇ. ಊರಿನ ಅಭ್ಯಾಸದಿಂದ ಊಹಿಸಿದವನ ವ್ರತ ಅಲ್ಲಿ ಭಂಗವಾಗುವುದು ನಿಶ್ಚಯ. ಆದರೆ ಈ ಎಲ್ಲ ಕಾರ್ಯಕ್ಕೂ ಸಾಧಾರಣ ಗಡಿಯಾರವೇ ಸಾಕು. ವ್ರತಕ್ಕೆ ಬೇಕಾದುದು ಕಾಲ. ದುಬಾರಿ ಗಡಿಯಾರ ಕೊಡುವುದು ಶೋಭೆ.

ಶೋಭೆಯ ಆಸೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಈ ಗಡಿಯಾರಗಳ ತವರಾದ ಜಿನೀವಾ ನಗರದ ಚರಿತ್ರೆಯೇ ಸಾಕ್ಷಿ. 1541ರಲ್ಲಿ ಆ ನಗರಕ್ಕೆ ಹಿಂದಿರುಗಿದ ಕ್ರೈಸ್ತ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ಅವರ ಶಿಸ್ತಿನ ಆಡಳಿತದಲ್ಲಿ ಆಭರಣ ಧರಿಸುವುದಕ್ಕೆ ತಡೆ ಬಂದಿತು. ಕೆಲಸ ಕಳೆದುಕೊಂಡ ಅಕ್ಕಸಾಲಿಗರು ಗಡಿಯಾರದ ಕಸುಬಿಗೆ ತಿರುಗಿದರು. ಏಕೆಂದರೆ ಗಡಿಯಾರವು ಒಡವೆಯಲ್ಲ, ಉಪಕರಣ. ಫ್ರಾನ್ಸಿನಿಂದ ಓಡಿಬಂದ ಕಸುಬುದಾರರೂ ಸೇರಿದರು. 1601ರಲ್ಲಿ ಅಲ್ಲಿ ಗಡಿಯಾರ ತಯಾರಕರ ಸಂಘವೇ ಸ್ಥಾಪಿತವಾಯಿತು. ಹೀಗೆ ಮುಂಬಾಗಿಲಿನಿಂದ ಹೊರಹೋದ ಒಡವೆ ಉಪಕರಣದ ವೇಷದಲ್ಲಿ ಹಿಂಬಾಗಿಲಿನಿಂದ ಒಳಬಂದಿತು. ಹೊರಗಿನ ನಿಷೇಧದಿಂದ ವಸ್ತು ರೂಪಾಂತರ ಹೊಂದಬಹುದೇ ಹೊರತು ಆಸೆ ತಾನಾಗಿ ಕ್ಷಯಿಸುವುದಿಲ್ಲ. ವ್ರತವನ್ನು ಅಕ್ಷರಕ್ಕೆ ಮಾತ್ರ ಪಾಲಿಸುವ ಎಲ್ಲರಿಗೂ ಇದು ಎಚ್ಚರಿಕೆ.

ಈಗ ಮೂಲ ಪ್ರಶ್ನೆಗೆ ಬರಬೇಕು. “ಕ್ಷೇಮವಾಗಿ ಕಟ್ಟಿಕೊಳ್ಳುವುದು ಹೇಗೆ?” ಎಂಬುದರಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಅಪೇಕ್ಷೆಗಳಿವೆ. ಶೋಭೆ ಸಿದ್ಧಿಸಬೇಕಾದರೆ ಗಡಿಯಾರ ಪರರಿಗೆ ಕಾಣಬೇಕು. ಕ್ಷೇಮ ಸಿದ್ಧಿಸಬೇಕಾದರೆ ಕಾಣಬಾರದು. ಬಲ್ಲವರು ಹೇಳುವ ಉಪಾಯಗಳೆಲ್ಲ ಮರೆಸುವ ಉಪಾಯಗಳೇ: ಉದ್ದ ತೋಳಿನ ಅಂಗಿ ತೊಡಬೇಕು, ರೈಲು ನಿಲ್ದಾಣದಲ್ಲಿಯೂ ಜನಜಂಗುಳಿಯಲ್ಲಿಯೂ ಬಿಚ್ಚಿ ಒಳಜೇಬಿನಲ್ಲಿಡಬೇಕು, ಚಿತ್ರ ತೆಗೆಸಿ ಎಲ್ಲರಿಗೂ ಕಳುಹಿಸಬಾರದು, ಕಾರಿನ ಕಿಟಕಿಯಿಂದ ಕೈ ಹೊರಚಾಚಬಾರದು. ಈ ಉಪಾಯಗಳು ಸರಿಯಾದುವೇ. ಆದರೆ ಇವನ್ನೆಲ್ಲ ಪಾಲಿಸಿದ ಮೇಲೆ, ತೋರಿಸುವುದಕ್ಕೆಂದು ಕೊಂಡದ್ದನ್ನು ತೋರಿಸದಿರುವುದಕ್ಕೆ ಶ್ರಮಿಸುವವನ ಕೈಯಲ್ಲಿ ಉಳಿಯುವುದೇನು? ಉಪಯೋಗವಿಲ್ಲ, ಶೋಭೆಯಿಲ್ಲ, ಉಳಿಯುವುದು ಕಾವಲಿನ ಕೆಲಸ ಒಂದೇ.

ಈ ಕಾವಲಿಗೆ ಶಾಸ್ತ್ರದಲ್ಲಿ ಹೆಸರಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಜೀವನು ಹೊಂದುವ ಮೂರ್ಛೆ ಎಂದು ಲಕ್ಷಣ ಹೇಳಿದ್ದಾರೆ. ಅವರೇ ರೌದ್ರಧ್ಯಾನದ ನಾಲ್ಕು ಕಾರಣಗಳನ್ನು ಎಣಿಸುವಾಗ ಹಿಂಸೆ, ಅಸತ್ಯ, ಚೌರ್ಯಗಳ ಸಾಲಿನಲ್ಲಿಯೇ ವಿಷಯಸಂರಕ್ಷಣವನ್ನೂ, ಅಂದರೆ ಭೋಗವಸ್ತುವನ್ನು ಕಾಪಾಡಿಕೊಳ್ಳುವ ನಿರಂತರ ಚಿಂತನೆಯನ್ನೂ, ಸೇರಿಸಿದ್ದಾರೆ. ಇದು ಗಂಭೀರವಾಗಿ ಮನನ ಮಾಡತಕ್ಕ ವಿಷಯ. ಕದಿಯಬೇಕೆಂದು ಗಡಿಯಾರವನ್ನೇ ಚಿಂತಿಸುವವನೂ, ಕದ್ದಾರೆಂದು ಗಡಿಯಾರವನ್ನೇ ಚಿಂತಿಸುವವನೂ ಒಂದೇ ಬೀದಿಯಲ್ಲಿ ನಡೆಯುತ್ತಿದ್ದಾರೆ. ಕೃತ್ಯದಲ್ಲಿ ಒಬ್ಬನು ಅಪರಾಧಿ, ಇನ್ನೊಬ್ಬನು ನಿರಪರಾಧಿ, ಇದರಲ್ಲಿ ಸಂದೇಹವಿಲ್ಲ. ಆದರೆ ಇಬ್ಬರ ಚಿತ್ತವನ್ನೂ ಕಟ್ಟಿಹಾಕಿರುವ ಗೂಟ ಒಂದೇ. ವಸ್ತು ಕಳೆದುಹೋದ ಬಳಿಕ ಆ ಚಿಂತೆ ಇಷ್ಟವಿಯೋಗವೆಂಬ ಆರ್ತಧ್ಯಾನವಾಗಿ ಮುಂದುವರಿಯುತ್ತದೆ. ಸಾವಿರಾರು ಮೈಲಿ ಸಾಗಿ ಹೋದವನು ದೇಶ ನೋಡಲಿಲ್ಲ, ತನ್ನ ಮಣಿಕಟ್ಟನ್ನೇ ನೋಡಿಕೊಂಡು ಬಂದನು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಗೃಹಸ್ಥನು ಮುನಿಯಲ್ಲ, ನ್ಯಾಯವಾಗಿ ಗಳಿಸಿದ್ದನ್ನು ಅನುಭವಿಸುವುದೂ ಕಾಪಾಡಿಕೊಳ್ಳುವುದೂ ಅವನಿಗೆ ವಿಹಿತವಲ್ಲವೇ? ಕಳ್ಳರಿಗೆ ಹೆದರಿ ಒಳ್ಳೆಯವರು ಮರೆಯಾಗಬೇಕೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಳ್ಳನ ಪಾಪ ಸಂಪೂರ್ಣವಾಗಿ ಕಳ್ಳನದೇ; ಕಟ್ಟಿಕೊಂಡವನೇ ಕಳವು ಮಾಡಿಸಿದನೆಂದು ಹೇಳುವುದು ಅನ್ಯಾಯ. ಬಾಗಿಲಿಗೆ ಅಗಳಿ ಹಾಕುವುದು ಗೃಹಸ್ಥನಿಗೆ ದೋಷವಲ್ಲ; ಗಡಿಯಾರವನ್ನು ತೋಳಿನಲ್ಲಿ ಮರೆಸುವುದು ಮಾಯಾಚಾರವೂ ಅಲ್ಲ. ಅಣುವ್ರತವು ಕೇಳುವುದು ಸರ್ವತ್ಯಾಗವನ್ನಲ್ಲ, ಪರಿಮಾಣವನ್ನು. ಸಮಂತಭದ್ರಾಚಾರ್ಯರು ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಅಳೆಯಬೇಕಾದುದು ಪೆಟ್ಟಿಗೆಯನ್ನಲ್ಲ, ಇಚ್ಛೆಯನ್ನು. ಆ ವ್ರತದ ಐದು ಅತಿಚಾರಗಳಲ್ಲಿ ಅತಿವಿಸ್ಮಯವೂ ಒಂದು. ಪರರ ವೈಭವವನ್ನು ಕಂಡು ಅತಿಯಾಗಿ ಬೆರಗಾಗುವುದೇ ಅದು. ಪರರು ಬೆರಗಾಗಲೆಂದು ಕೊಂಡ ವಸ್ತು ಕಳ್ಳನನ್ನೂ ಬೆರಗುಗೊಳಿಸುವುದರಲ್ಲಿ ಆಶ್ಚರ್ಯವೇನು? ಮೆಚ್ಚುವವರ ಕಣ್ಣಿಗೆ ಮಾತ್ರ ಬೀಳುವ ಶೋಭೆ ಲೋಕದಲ್ಲಿಲ್ಲ.

ಒಂದು ದೃಷ್ಟಾಂತವನ್ನು ಊಹಿಸಬಹುದು. ಲಂಡನ್ನಿನಲ್ಲಿ ನೌಕರಿಯಲ್ಲಿರುವ ಮಗನೊಬ್ಬನು ತಂದೆಯ 60ನೆಯ ವರ್ಷಕ್ಕೆ ಬೆಲೆಬಾಳುವ ಗಡಿಯಾರವನ್ನು ಕಳುಹಿಸಿದ್ದಾನೆ. ತಂದೆ ತಾಯಿ ಮಗನ ಮನೆಗೆ ಹೊರಟಿದ್ದಾರೆ. “ಅಪ್ಪಾ, ನಾನು ಕೊಟ್ಟದ್ದನ್ನು ಕಟ್ಟಿಕೊಂಡೇ ಬನ್ನಿ” ಎಂದು ಮಗನ ಅಪೇಕ್ಷೆ. ಕಟ್ಟಿದರೆ ಪತ್ನಿಯೊಡನೆ ಬೀದಿಯಲ್ಲಿ ಹೆಜ್ಜೆಹೆಜ್ಜೆಗೂ ಭಯ. ಕಟ್ಟದಿದ್ದರೆ ಮಗನ ಮನಸ್ಸಿಗೆ ನೋವು. ಇಲ್ಲಿ ಲೋಭವಿಲ್ಲ, ಪ್ರೀತಿಯಿದೆ. ಆದಕಾರಣವೇ ಸಮಸ್ಯೆ ಕಠಿಣ. ಆದರೆ ವಿಚಾರಿಸಿದರೆ ಮಗನು ಕೊಟ್ಟದ್ದು ಗೌರವ. ಗಡಿಯಾರ ಆ ಗೌರವದ ಹೊದಿಕೆ ಮಾತ್ರ. ಆ ಹೊದಿಕೆಯನ್ನು ಉಳಿಸಲು ಹೋಗಿ ಕತ್ತಿಯ ಮುಂದೆ ನಿಂತ ತಂದೆ ಮಗನಿಗೆ ಕೊಡುವುದು ಜೀವಾವಧಿಯ ಪಶ್ಚಾತ್ತಾಪವನ್ನು. “ನಿನ್ನ ಗಡಿಯಾರ ಮನೆಯಲ್ಲಿ ಭದ್ರವಾಗಿದೆ, ಮಗು, ನಿನ್ನನ್ನು ನೋಡುವ ದಿನಗಳಲ್ಲಿ ಅದನ್ನು ಕಾಯುತ್ತ ಕೂರಬಾರದೆಂದು ಬಿಟ್ಟು ಬಂದೆ” ಎಂದು ತಂದೆ ಹೇಳಿದರೆ ಯಾವ ಮಗನಿಗೆ ನೋವಾದೀತು?

ಆದರೂ ಒಂದು ಸೂಕ್ಷ್ಮವಿದೆ. ಕಳ್ಳರ ಭಯದಿಂದ ಮನೆಯಲ್ಲಿ ಬಿಟ್ಟದ್ದು ತ್ಯಾಗವಾಗುತ್ತದೆಯೇ? ಆಗುವುದಿಲ್ಲ. ಪಿಸ್ತೂಲಿನ ಮುಂದೆ ಗಡಿಯಾರ ಬಿಚ್ಚಿಕೊಟ್ಟ ಮುಷ್ಟಿಯೋಧನದು ವಿವೇಕ. ಜೀವಕ್ಕಿಂತ ವಸ್ತು ಹೆಚ್ಚಲ್ಲವೆಂದು ಆ ಕ್ಷಣದಲ್ಲಿ ಅರಿತದ್ದು ಶ್ಲಾಘನೀಯ. ಆದರೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಭೂಮಂಡಲವೇ ಕೈಯಲ್ಲಿದ್ದಾಗ ಬಾಹುಬಲಿಸ್ವಾಮಿ ಅದನ್ನು ಬಿಟ್ಟನು. ಬಿಡಿಸುವವರು ಯಾರೂ ಇರಲಿಲ್ಲ. ಅದು ತ್ಯಾಗ. ಸಾಮಾನ್ಯ ಗೃಹಸ್ಥನು ಈ ಎರಡರ ನಡುವೆ ಎಲ್ಲೋ ಇದ್ದಾನೆ. ಅವನನ್ನು ಭಯದಿಂದ ತ್ಯಾಗದ ಕಡೆಗೆ ಒಂದು ಹೆಜ್ಜೆ ಏರಿಸುವ ಸೋಪಾನವೇ ನಿಯಮ. ಜೀವಾವಧಿಯ ತ್ಯಾಗ ಯಮ, ಕಾಲಾವಧಿಯುಳ್ಳದ್ದು ನಿಯಮ ಎಂದು ಭೋಗೋಪಭೋಗ ಪರಿಮಾಣದಲ್ಲಿ ಹೇಳಿದೆ. ಮತ್ತೆಮತ್ತೆ ಉಪಯೋಗಕ್ಕೆ ಬರುವ ಗಡಿಯಾರವು ಉಪಭೋಗವಸ್ತು. “ಈ ಪ್ರವಾಸ ಮುಗಿಯುವವರೆಗೆ ಇಷ್ಟು ಬೆಲೆಗೆ ಮೀರಿದ ಆಭರಣವನ್ನೂ ಗಡಿಯಾರವನ್ನೂ ಧರಿಸುವುದಿಲ್ಲ” ಎಂದು ಹೊರಡುವ ಮೊದಲೇ ಬಸದಿಯಲ್ಲಿ ಸಂಕಲ್ಪಿಸಿದವನ ಗಡಿಯಾರವೂ ಹೆದರಿದವನ ಗಡಿಯಾರವೂ ಕಪಾಟಿನಲ್ಲಿಯೇ ಇರುತ್ತವೆ. ಆದರೆ ಒಬ್ಬನ ಮನಸ್ಸು ಕಪಾಟಿನ ಬಳಿ ಉಳಿದಿದೆ. ಇನ್ನೊಬ್ಬನ ಮನಸ್ಸು ಬಿಡುಗಡೆಯಾಗಿದೆ.

ಹೀಗಿದ್ದರೂ ಕಟ್ಟಿಕೊಂಡೇ ಹೋಗುವವರು ಕೆಲವು ವಿಷಯಗಳನ್ನು ಮರೆಯಬಾರದು. ಹೊರಡುವ ಮೊದಲು ಗಡಿಯಾರದ ಕ್ರಮಸಂಖ್ಯೆಯನ್ನು ಬರೆದಿಟ್ಟು ಚಿತ್ರ ತೆಗೆದಿಡಬೇಕು. ವಿಮಾನನಿಲ್ದಾಣದ ಸುಂಕದ ಅಧಿಕಾರಿಗಳಿಗೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ ಮರಳುವಾಗ ಹೊಸದಾಗಿ ಕೊಂಡದ್ದೆಂಬ ಸಂದೇಹ ಬಾರದು. ಪ್ರವಾಸವಿಮೆಯಲ್ಲಿ ಒಂದೊಂದು ವಸ್ತುವಿಗೂ ಮಿತಿಯಿರುವುದು ಸಾಮಾನ್ಯವಾದ್ದರಿಂದ ಅದನ್ನು ಓದಿ ನೋಡಬೇಕು. ಯಾರಾದರೂ ಆಯುಧ ತೋರಿಸಿದರೆ ವಾದಿಸದೆ ಬಿಚ್ಚಿ ಕೊಡಬೇಕು, ಬೆನ್ನಟ್ಟಬಾರದು. ಬೆನ್ನಟ್ಟಿ ಗೆದ್ದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆಂದು ಅದೇ ಮಾರ್ಗವೆಂದು ತಿಳಿಯಬಾರದು. ಆ ಬಳಿಕ 112 ಸಂಖ್ಯೆಗೆ ಕರೆಮಾಡಿ ಪೊಲೀಸರಲ್ಲಿ ದೂರು ಬರೆಸಿ ಅದರ ಪ್ರತಿ ಪಡೆಯಬೇಕು.

ಕೊಳ್ಳುವವರಿಗೂ ಒಂದು ಮಾತು. ಕಾಗದಪತ್ರಗಳಿಲ್ಲದೆ ಅಗ್ಗವಾಗಿ ದೊರೆಯುವ ಹಳೆಯ ಗಡಿಯಾರ ಯಾರದೋ ಮಣಿಕಟ್ಟಿನಿಂದ ಸೆಳೆದುದಾಗಿರಬಹುದು. ಅದನ್ನು ತಿಳಿದೂ ಕೊಳ್ಳುವುದು ಅಚೌರ್ಯಾಣುವ್ರತದ ತದಾಹೃತಾದಾನವೆಂಬ ಅತಿಚಾರ. ಕಳುವಾದ ಗಡಿಯಾರಗಳ ಕ್ರಮಸಂಖ್ಯೆಗಳನ್ನು ಸಂಗ್ರಹಿಸುವ ವಾಚ್ ರಿಜಿಸ್ಟರ್ ಎಂಬ ಸಂಸ್ಥೆ ಲಂಡನ್ನಿನಲ್ಲಿದೆ. ಅಲ್ಲಿ ಪರೀಕ್ಷಿಸಿ ನೋಡಬಹುದು. ಕಳ್ಳರ ಭಯದಿಂದ ನಕಲಿ ಗಡಿಯಾರ ಕಟ್ಟುವುದೂ ಪರಿಹಾರವಲ್ಲ. ನಕಲಿಯ ವ್ಯಾಪಾರ ಪ್ರತಿರೂಪಕ ವ್ಯವಹಾರವೇ ಆಗಿದೆ. ಫ್ರಾನ್ಸ್, ಇಟಲಿ ದೇಶಗಳ ಕಾನೂನು ನಕಲಿಯನ್ನು ಕೊಂಡವರಿಗೂ ದಂಡ ವಿಧಿಸಬಲ್ಲದು. ಕಳ್ಳನಿಗಂತೂ ದೂರದಿಂದ ನಕಲಿ ಯಾವುದು, ಅಸಲಿ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಶೋಭೆ ಸುಳ್ಳು, ಅಪಾಯ ಮಾತ್ರ ನಿಜ.

ಗಡಿಯಾರದ ಮುಳ್ಳು ಸುತ್ತಿದಷ್ಟೂ ಆಯುಷ್ಯ ಸವೆಯುತ್ತದೆ. ಆ ಸಂಪತ್ತನ್ನು ಯಾವ ನಗರದಲ್ಲಿಯೂ ಯಾವ ತೋಳಿನ ಮರೆಯಲ್ಲಿಯೂ ಬಚ್ಚಿಡಲಾಗದು. ಕಾಲವನ್ನು ತೋರಿಸುವ ಯಂತ್ರವನ್ನು ಕಾಯುತ್ತ ಕಾಲವನ್ನೇ ಕಳೆದುಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಪ್ರತಿಯೊಂದು ಕುಟುಂಬವೂ ಪ್ರವಾಸದ ಪೆಟ್ಟಿಗೆ ಮುಚ್ಚುವ ಮೊದಲೇ ಕುಳಿತು ವಿಚಾರಿಸಲಿ.