ಔಷಧದಾನದಲ್ಲಿ ವಿವೇಕ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಮುಖ್ಯ ಅಂಗಗಳು. ಬಸದಿಗಳ ಟ್ರಸ್ಟುಗಳು ಏರ್ಪಡಿಸುವ ಉಚಿತ ಚಿಕಿತ್ಸಾ ಶಿಬಿರಗಳು ಔಷಧದಾನದ ಇಂದಿನ ರೂಪ. ರೋಗಿಯ ಕೈಗೆ ಮಾತ್ರೆಯಿತ್ತೊಡನೆ ದಾನ ಪೂರ್ಣವಾಯಿತೆಂಬ ಭಾವನೆ ಸಹಜವೇ. ಆದರೆ ಆಂಟಿಬಯೋಟಿಕ್ ಔಷಧಗಳ ವಿಷಯದಲ್ಲಿ ಅಷ್ಟು ಸಾಲದು. ಅವುಗಳ ದುರುಪಯೋಗದ ಫಲವನ್ನು ಸೇವಿಸಿದವನಲ್ಲದೆ, ಸೇವಿಸದವನೂ ಉಣ್ಣಬೇಕಾಗುತ್ತದೆ.

ಈ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ, ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ನೆಗಡಿ, ಫ್ಲೂ ಮೊದಲಾದವು ವೈರಸ್ಸಿನಿಂದ ಬರುವ ಕಾಯಿಲೆಗಳು. ಅವುಗಳ ಮೇಲೆ ಆಂಟಿಬಯೋಟಿಕ್ ನಡೆಯದು. ಅನವಶ್ಯಕವಾಗಿ ಸೇವಿಸಿದಾಗ ರೋಗವೂ ಗುಣವಾಗದು, ದೇಹದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಲ್ಲಿ ಔಷಧವನ್ನು ತಾಳಬಲ್ಲವು ಮಾತ್ರ ಉಳಿದು ವೃದ್ಧಿಸುತ್ತವೆ. ಆ ಶಕ್ತಿಯನ್ನು ಅನ್ಯಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಇಂತಹ ನಿರೋಧಶಕ್ತಿಯೇ ನೇರ ಕಾರಣವಾಗಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 11 ಲಕ್ಷ ಜನ ಮಡಿದರೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ.

ಈ ಅಪಾಯವನ್ನು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲೇ ತನ್ನ ನೊಬೆಲ್ ಉಪನ್ಯಾಸದಲ್ಲಿ ಒಂದು ಕಲ್ಪಿತ ದೃಷ್ಟಾಂತದ ಮೂಲಕ ವಿವರಿಸಿದ್ದನು. ಗಂಟಲುನೋವಿಗೆ ಒಬ್ಬನು ತಾನಾಗಿಯೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಪ್ರಮಾಣದಲ್ಲಿ ಸೇವಿಸುತ್ತಾನೆ. ರೋಗಾಣುಗಳು ಸಾಯದೆ ಔಷಧವನ್ನು ಎದುರಿಸಲು ಕಲಿಯುತ್ತವೆ. ಅವನಿಂದ ಹೆಂಡತಿಗೆ ಹರಡುತ್ತವೆ. ಆಕೆಗೆ ನ್ಯುಮೋನಿಯಾ ಬಂದಾಗ ಪೆನಿಸಿಲಿನ್ ಫಲಿಸದೆ ಆಕೆ ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರು? ಗಂಡನ ಅಜಾಗರೂಕತೆಯೇ ಎಂದು ಫ್ಲೆಮಿಂಗ್ ತೀರ್ಪಿತ್ತನು.

ಜೈನ ನೀತಿ ಇದನ್ನೇ ಪ್ರಮಾದವೆನ್ನುತ್ತದೆ. ಗಂಡನಿಗೆ ಕೊಲ್ಲುವ ಸಂಕಲ್ಪವಿರಲಿಲ್ಲ. ಆದರೂ ಎಚ್ಚರವಿಲ್ಲದ ನಡೆ ಹಿಂಸೆಗೆ ಕಾರಣವಾಯಿತು. ಸೂಕ್ಷ್ಮಜೀವಿಗಳೂ ಜೀವಗಳೇ ಎಂದಮೇಲೆ ಆಂಟಿಬಯೋಟಿಕ್ ಸೇವನೆಯೇ ಹಿಂಸೆಯಲ್ಲವೆ ಎಂದು ಕೆಲವರು ಕೇಳಬಹುದು. ಗೃಹಸ್ಥನದು ಅಣುವ್ರತ, ಜೀವನಕ್ಕೆ ಅನಿವಾರ್ಯವಾದ ಹಿಂಸೆಯನ್ನು ಅವನು ಪೂರ್ಣವಾಗಿ ತೊರೆಯಲಾರನು. ಆದುದರಿಂದಲೇ ನಿಷ್ಪ್ರಯೋಜನವಾದ ಹಿಂಸೆಯನ್ನಾದರೂ ಬಿಡಬೇಕೆಂದು ಅನರ್ಥದಂಡವಿರತಿಯನ್ನು ಗುಣವ್ರತಗಳಲ್ಲಿ ಸೇರಿಸಲಾಗಿದೆ. ಕ್ಷಯ, ನ್ಯುಮೋನಿಯಾಗಳಲ್ಲಿ ವೈದ್ಯನು ವಿಧಿಸಿದ ಆಂಟಿಬಯೋಟಿಕ್ ಪ್ರಾಣರಕ್ಷಕ. ಅಲ್ಲಿ ಅದನ್ನು ನಿರಾಕರಿಸುವುದೇ ನಿರ್ದಯೆ. ನೆಗಡಿಗೆ ನುಂಗಿದ ಅದೇ ಮಾತ್ರೆ ಅನರ್ಥದಂಡ.

ದೂರದಿಂದ ಬಂದ ಬಡರೋಗಿಯನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆಂಬ ಸಂಕೋಚ ಶಿಬಿರಗಳಲ್ಲಿ ಉಂಟಾಗಬಹುದು. ಆದರೆ ಬೇಡದ ಔಷಧವನ್ನಿತ್ತು ಕಳುಹಿಸಿದರೆ, ನಾಳೆ ಅವನಿಗೋ ಅವನ ಮಗುವಿಗೋ ನಿಜವಾಗಿ ಬೇಕಾದಾಗ ಆ ಔಷಧ ಕೈಕೊಡಬಹುದು. ಸರಿಯಾದ ತಪಾಸಣೆ, ಸಮಾಧಾನದ ಮಾತು, ಮತ್ತೆ ಯಾವಾಗ ಬರಬೇಕೆಂಬ ತಿಳುವಳಿಕೆ ಇವೂ ಔಷಧದಾನವೇ.

ವೈದ್ಯರ ಚೀಟಿಯಿಂದಲೇ ಕೊಳ್ಳಬೇಕಾದ ಔಷಧಗಳ ಪಟ್ಟಿಯ ಮೇಲಿರುವ ಕೆಂಪುಗೆರೆಯ ಅರ್ಥವನ್ನು ತಿಳಿಸಲು ಕೇಂದ್ರ ಸರ್ಕಾರವು 2016ರಲ್ಲಿ ಪ್ರಚಾರ ಕೈಗೊಂಡಿತು. ಆ ಗೆರೆಯನ್ನು ಮನೆಮನೆಗೆ ಪರಿಚಯಿಸುವುದು ಟ್ರಸ್ಟುಗಳಿಗೆ ಕಷ್ಟವಲ್ಲ. ಉಳಿದ ಮಾತ್ರೆಗಳನ್ನು ಕೂಡಿಡದೆ, ನೆರೆಯವರಿಗೆ ಹಂಚದೆ, ವೈದ್ಯರು ಹೇಳಿದ ಪ್ರಮಾಣವನ್ನೂ ದಿನಗಳನ್ನೂ ಮೀರದೆ ಕಡಿಮೆ ಮಾಡದೆ ಪಾಲಿಸುವುದು ಪ್ರತಿ ಕುಟುಂಬದ ಕರ್ತವ್ಯ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗದಂತೆ ನೀರು ಸೋಸಿ ಕುಡಿದ ಸಮಾಜಕ್ಕೆ, ಕಣ್ಣಿಗೆ ಬೀಳದ ನೆರೆಯವನ ಪ್ರಾಣದ ಬಗ್ಗೆ ಈ ಎಚ್ಚರ ಹೊಸದೇನಲ್ಲ.